ಹೇಳಿದಾಗಲೆಲ್ಲ ಹುಟ್ಟುವ ಊರು: ಕಂಬಾರರ ಶಿವಾಪುರವನ್ನು ಕುರಿತು ಒಂದು ಸಂವಾದ

ಲೇಖಕನೊಬ್ಬ ತನ್ನ ಕಲ್ಪನೆಯಿಂದ ಕಟ್ಟಿ, ಹೆಸರಿಟ್ಟು, ಒಂದಕ್ಕಿಂತ ಹೆಚ್ಚು ಕೃತಿಗಳಲ್ಲಿ ಕಥೆಯ ನೆಲವಾಗಿ ಬಳಸುವ ಊರನ್ನು ಕಲ್ಪಿತ ಸ್ಥಳ ಎಂದು ಕರೆಯಬಹುದು. ಅಂಥ ಊರು ಯಾವ ನಕಾಶೆಯಲ್ಲಿಯೂ ಇರುವುದಿಲ್ಲವಾದ್ದರಿಂದ ಅದರ ಎಲ್ಲೆಕಟ್ಟು, ಕಾಲ, ಒಕ್ಕಲು, ದೈವ ಇವೆಲ್ಲವೂ ಬರೆಯುವವನ ಮಾತಿನ ಮೇಲೆಯೇ ನಿಂತಿರುತ್ತವೆ. ಮಾತು ಬದಲಾದರೆ ಊರೂ ಬದಲಾಗುತ್ತದೆ. ಆಧುನಿಕ ಕನ್ನಡದಲ್ಲಿ ಈ ಬಗೆಯ ಬದಲಾವಣೆಯನ್ನು ಅರ್ಧ ಶತಮಾನದ ಉದ್ದಕ್ಕೂ ಗುರುತಿಸಬಹುದಾದ ಊರೆಂದರೆ ಚಂದ್ರಶೇಖರ ಕಂಬಾರರ ಶಿವಾಪುರ. ಕಾವ್ಯದಲ್ಲಿ ಹುಟ್ಟಿ, ಕಾದಂಬರಿಗಳಲ್ಲಿ ಬೆಳೆದು, ಕೊನೆಗೆ ಪುರಾಣದ ಕಾಲಕ್ಕೆ ಸರಿದು ಮತ್ತೆ ಇಂದಿನ ದಿನಗಳಿಗೆ ಮರಳಿದ ಈ ಊರನ್ನು ಕುರಿತು ಇಬ್ಬರು ನಡೆಸಿದ ಚರ್ಚೆ ಇಲ್ಲಿದೆ. ಒಬ್ಬರು ಕೊಪ್ಪಳ ಜಿಲ್ಲೆಯ ಹುಲಿಹೈದರದ ನಿವೃತ್ತ ಕನ್ನಡ ಅಧ್ಯಾಪಕರು, ಇನ್ನೊಬ್ಬರು ಅದೇ ಭಾಗದ ಸಂಶೋಧನಾ ವಿದ್ಯಾರ್ಥಿನಿ. ತುಂಗಭದ್ರೆಯ ಕಾಲುವೆ ನೀರುಂಡ ಗಂಗಾವತಿಯ ಭತ್ತದ ಗದ್ದೆಗಳನ್ನು ಒಂದು ಕಡೆಗೂ, ಮಳೆಯನ್ನೇ ನಂಬಿದ ಕುಷ್ಟಗಿ ಯಲಬುರ್ಗಾಗಳ ಹೊಲಗಳನ್ನು ಇನ್ನೊಂದು ಕಡೆಗೂ ಕಂಡಿರುವ ಸೀಮೆಯವರಾದ ಇವರಿಗೆ, ಮಳೆ ನಿಂತುಹೋದ ಊರಿನ ಕಥೆಯಿಂದ ಆರಂಭವಾಗುವ ಶಿವಾಪುರ ದೂರದ ವಿಷಯವಲ್ಲ.

ಸಂಶೋಧಕಿ: ಗುರುಗಳೇ, ಶಿವಾಪುರ ಬರುವ ಕೃತಿಗಳನ್ನು ಸಾಲಾಗಿ ಓದಿದರೆ ಒಂದು ತೊಡಕು ಎದುರಾಗುತ್ತದೆ. ‘ಹೇಳತೇನ ಕೇಳ’ದ ಶಿವಾಪುರಕ್ಕೂ ‘ಕರಿಮಾಯಿ’ಯ ಶಿವಾಪುರಕ್ಕೂ ತಾಳೆಯಾಗುವುದಿಲ್ಲ, ಅವೆರಡಕ್ಕೂ ‘ಶಿಖರಸೂರ್ಯ’ದ ಶಿವಾಪುರಕ್ಕೂ ಹೊಂದಿಕೆಯೇ ಇಲ್ಲ. ಒಂದರಲ್ಲಿ ಊರನ್ನು ಗೌಡ ಆಳುತ್ತಾನೆ, ಇನ್ನೊಂದರಲ್ಲಿ ಊರಿಗೆ ಪಂಚಾಯತಿ ಬರುತ್ತದೆ, ಮತ್ತೊಂದರಲ್ಲಿ ರಾಜರೂ ರಾಜವೈದ್ಯರೂ ಓಡಾಡುವ ಕಾಲಕ್ಕೆ ಊರು ಹಿಂದೆ ಸರಿದಿದೆ. ಹೆಸರೊಂದನ್ನು ಬಿಟ್ಟರೆ ಬೇರೇನೂ ಉಳಿಯದಿದ್ದಾಗ ಇದನ್ನು ಒಂದೇ ಊರು ಎಂದು ಕರೆಯುವುದಕ್ಕೆ ಆಧಾರವೇನು?

ಹಿರಿಯರು: ತಂಗಿ, ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಕಲ್ಪಿತ ಸ್ಥಳಗಳು ಬೆಳೆಯುವ ಬಗೆಗಳನ್ನು ಬೇರೆ ಮಾಡಿಕೊಳ್ಳಬೇಕು. ಒಂದೇ ಕೃತಿಗೆ ಹುಟ್ಟಿ ಅಲ್ಲಿಯೇ ನಿಲ್ಲುವ ಊರುಗಳಿವೆ, ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದ ದೂರ್ವಾಸಪುರ ಅಂಥದು, ಅದರ ಕೆಲಸ ಆ ಕಾದಂಬರಿಯೊಂದಿಗೇ ಮುಗಿಯುತ್ತದೆ. ಕೃತಿಯಿಂದ ಕೃತಿಗೆ ಓಣಿ, ಬಡಾವಣೆ, ಅಂಗಡಿ ಸೇರುತ್ತ ಹಿಗ್ಗುವ ಊರುಗಳು ಎರಡನೆಯ ಬಗೆಯವು. ಮೈಸೂರಿನಲ್ಲಿ ಕೂತು ಆರ್.ಕೆ. ನಾರಾಯಣರು 1935ರ ‘ಸ್ವಾಮಿ ಅಂಡ್ ಫ್ರೆಂಡ್ಸ್’ನಿಂದ ಕಟ್ಟುತ್ತ ಬಂದ ಮಾಲ್ಗುಡಿ ಹೀಗೆ ಬೆಳೆಯಿತು. ಸ್ವಾತಂತ್ರ್ಯ ಬಂದಾಗ ಅಲ್ಲಿನ ರಸ್ತೆಗಳ ಹೆಸರು ಬದಲಾದವು, ಆದರೆ ಸರಯೂ ನದಿ ಇದ್ದಲ್ಲಿಯೇ ಹರಿಯಿತು. ಮೂರನೆಯ ಬಗೆಯಲ್ಲಿ ಊರಿನ ವಿಸ್ತಾರಕ್ಕಿಂತ ಊರಿನ ಅರ್ಥವೇ ಬದಲಾಗುತ್ತದೆ. ಶಿವಾಪುರ ಈ ಮೂರನೆಯ ಬಗೆಗೆ ಸೇರಿದ್ದು, ಆದ್ದರಿಂದ ಓಣಿ ಓಣಿಗಳನ್ನು ತಾಳೆ ನೋಡಿ ಅದನ್ನು ಗುರುತಿಸಲಾಗದು.

ಸಂಶೋಧಕಿ: ಬಗೆಯನ್ನು ಹೆಸರಿಸಿದ ಮಾತ್ರಕ್ಕೆ ಕಾರಣ ತಿಳಿಯುವುದಿಲ್ಲ. ನಾರಾಯಣರಿಗೆ ಬೇಕಾದ ಸ್ಥಿರತೆ ಕಂಬಾರರಿಗೆ ಏಕೆ ಬೇಡವಾಯಿತು ಎಂಬುದನ್ನೂ ವಿವರಿಸಬೇಕಲ್ಲವೇ?

ಹಿರಿಯರು: ಕಾರಣ ಕಂಬಾರರು ಬೆಳೆದ ಕಲಾಪರಂಪರೆಯಲ್ಲಿದೆ. 1937ರಲ್ಲಿ ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ ಹುಟ್ಟಿದ ಅವರು ಲಾವಣಿಯನ್ನೂ ಬಯಲಾಟವನ್ನೂ ಕೇಳುತ್ತ ನೋಡುತ್ತ ಬೆಳೆದವರು, ಮುಂದೆ ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನೇ ಸಂಶೋಧನೆಗೆ ಆರಿಸಿಕೊಂಡವರು. ನಮ್ಮ ಸೀಮೆಯ ದೊಡ್ಡಾಟವನ್ನು, ಅಂದರೆ ಪುರಾಣದ ಕಥೆಯನ್ನು ವೀರವೇಷ, ಹಾಡು, ಕುಣಿತಗಳೊಡನೆ ರಾತ್ರಿಯಿಡೀ ಆಡುವ ಬಯಲಾಟವನ್ನು ನೆನೆದರೆ ಇದು ಸ್ಪಷ್ಟವಾಗುತ್ತದೆ. ಅಟ್ಟದ ಮೇಲೆ ಊರನ್ನು ತೋರಿಸುವ ಚಿತ್ರವಾಗಲಿ ಮನೆಯಾಗಲಿ ಇರಬೇಕಾಗಿಲ್ಲ. ಕಿರೀಟ, ಭುಜಕೀರ್ತಿ ಕಟ್ಟಿಕೊಂಡ ಪಾತ್ರಧಾರಿ ಕುಣಿದು ನಿಂತ ಮೇಲೆ ಸಾರಥಿ, ಅಂದರೆ ಆಟವನ್ನು ನಡೆಸುತ್ತ ಪಾತ್ರಗಳನ್ನು ಮಾತಾಡಿಸುವವನು, ನೀನಾರು, ನಿನ್ನ ಪಟ್ಟಣ ಯಾವುದು ಎಂಬ ಅರ್ಥದ ಪ್ರಶ್ನೆಗಳನ್ನು ಹಾಕುತ್ತಾನೆ. ಪಾತ್ರ ತನ್ನ ಹೆಸರನ್ನೂ ಪಟ್ಟಣವನ್ನೂ ಹೇಳಿದ ಕ್ಷಣ ಆ ಬರಿಯ ಹಲಗೆಯೇ ಲಂಕೆಯಾಗುತ್ತದೆ ಅಥವಾ ಹಸ್ತಿನಾವತಿಯಾಗುತ್ತದೆ. ನಿನ್ನೆಯ ಆಟದಲ್ಲಿ ಆ ಪಟ್ಟಣವನ್ನು ಬಣ್ಣಿಸಿದ್ದರೂ ಇಂದಿನ ಆಟದಲ್ಲಿ ಮತ್ತೆ ಕೇಳಬೇಕು, ಮತ್ತೆ ಹೇಳಬೇಕು. ಕಂಬಾರರ ಶಿವಾಪುರ ಹುಟ್ಟಿದ್ದು ಈ ಪದ್ಧತಿಯಲ್ಲಿ. ಪ್ರತಿ ಕೃತಿಯೂ ಅದನ್ನು ಹೊಸದಾಗಿ ಕೇಳುತ್ತದೆ, ಕೇಳಿದ ಪ್ರಶ್ನೆಗೆ ತಕ್ಕಂತೆ ಊರು ತನ್ನನ್ನು ಹೇಳಿಕೊಳ್ಳುತ್ತದೆ.

ಸಂಶೋಧಕಿ: ಹಾಗಾದರೆ ಪ್ರತಿ ಕೃತಿ ಹಾಕಿದ ಪ್ರಶ್ನೆ ಯಾವುದೆಂದು ಗುರುತಿಸಿದರೆ ಊರು ಬದಲಾದ ದಾರಿ ಕಾಣುತ್ತದೆ. ಮೊದಲಿನಿಂದ ನೋಡೋಣ. 1964ರ ‘ಹೇಳತೇನ ಕೇಳ’ ಲಾವಣಿಯ ಧಾಟಿಯ ಕಥನಕಾವ್ಯ. ಅಲ್ಲಿ ರಾಕ್ಷಸನೊಬ್ಬ ಊರ ಗೌಡನನ್ನು ಕೊಂದು ಅವನದೇ ರೂಪ ತಳೆದು ಊರೊಳಗೆ ಬಂದು ಕೂರುತ್ತಾನೆ. ಆಳುವವನ ಮುಖ ಹಳೆಯದೇ ಆಗಿದ್ದರೂ ಒಳಗಿರುವವನು ಬೇರೆ. ಊರಿನ ಫಲವಂತಿಕೆ ಬತ್ತಿಹೋಗುತ್ತದೆ.

ಹಿರಿಯರು: ಅದರ ಮುಂದುವರಿಕೆಯಂತಿರುವ 1970ರ ‘ಋಷ್ಯಶೃಂಗ’ ನಾಟಕವನ್ನೂ ಜೊತೆಗಿಟ್ಟುಕೊಳ್ಳಬೇಕು. ಕಾಲಿಟ್ಟ ನಾಡಿಗೆ ಮಳೆ ತಂದ ಋಷ್ಯಶೃಂಗನ ಪುರಾಣಕಥೆಯನ್ನು ಆ ನಾಟಕ ಬರ ಬಿದ್ದ ಹಳ್ಳಿಯೊಂದಕ್ಕೆ ತರುತ್ತದೆ. ಮಳೆ ತರಬೇಕಾದವನು ಬಾಳಗೊಂಡ, ಆದರೆ ಅವನ ಹುಟ್ಟಿನಲ್ಲಿಯೇ ರಾಕ್ಷಸನ ನೆರಳಿದೆ. ಈ ಹಂತದ ಶಿವಾಪುರವನ್ನು ಕೇಳಿದ ಪ್ರಶ್ನೆ ಒಂದೇ: ಊರು ಬಂಜೆಯಾಗುವುದು ಯಾರಿಂದ? ಕೇಡು ಊರ ಹೊರಗಿನಿಂದ ಬಂದದ್ದು ನಿಜ, ಆದರೆ ಅದು ಒಳಗಿನವನ ರೂಪದಲ್ಲಿ, ಗೌಡಿಕೆಯ ಗದ್ದುಗೆಯ ಮೇಲೆಯೇ ಕೂತಿದೆ. ಬರ ಎಂದರೆ ಮೋಡದ ಕೊರತೆ ಮಾತ್ರವಲ್ಲ, ಆಳುವವನಿಗೂ ನೆಲಕ್ಕೂ ಇರಬೇಕಾದ ಸಂಬಂಧ ಕಡಿದುಹೋದದ್ದರ ಗುರುತು ಎಂಬ ಭಾವನೆ ಇಲ್ಲಿದೆ. ಊರಿನ ಮನೆಗಳು ಎಷ್ಟು, ಬಾವಿ ಎಲ್ಲಿದೆ ಎಂಬುದನ್ನು ಕಾವ್ಯ ಹೇಳಹೋಗುವುದಿಲ್ಲ, ಏಕೆಂದರೆ ಆ ಪ್ರಶ್ನೆಗೆ ಅವು ಬೇಕಿಲ್ಲ.

ಸಂಶೋಧಕಿ: 1972ರ ‘ಜೋಕುಮಾರಸ್ವಾಮಿ’ ನಾಟಕವೂ ಅದೇ ಮಣ್ಣಿನಿಂದ ಎದ್ದದ್ದು. ಆ ನಾಟಕದ ಮೂಲಾಚರಣೆ ಕೊಪ್ಪಳ ಸೀಮೆಯಲ್ಲಿ ಈಗಲೂ ಜೀವಂತವಾಗಿರುವುದರಿಂದ ಇಲ್ಲಿನ ಓದುಗರಿಗೆ ಅದು ಬೇಗ ಒಳಗಿಳಿಯುತ್ತದೆ. ಭಾದ್ರಪದದಲ್ಲಿ ಗಣಪತಿ ಹೋದ ಮೇಲೆ ಮಣ್ಣಿನ ಜೋಕುಮಾರನನ್ನು ಬೇವಿನ ಸೊಪ್ಪು ಹಾಕಿದ ಬುಟ್ಟಿಯಲ್ಲಿ ಕೂರಿಸಿ, ಹೆಣ್ಣುಮಕ್ಕಳು ತಲೆಯ ಮೇಲೆ ಹೊತ್ತು ಮನೆ ಮನೆಗೆ ತಂದು, ಬುಟ್ಟಿಯನ್ನು ಇಳಿಸಿ ಸುತ್ತಲೂ ಕೂತು ಹಾಡುತ್ತಾರೆ. ಮನೆಯವರು ಅವನ ಬಾಯಿಗೆ ಬೆಣ್ಣೆ ಒರೆಸಿ ಜೋಳವನ್ನು ಕೊಡುತ್ತಾರೆ. ಕೆಲವೇ ದಿನ ಬಾಳುವ ಆ ಮಳೆಯ ದೇವರು ಹುಣ್ಣಿಮೆಯ ಹೊತ್ತಿಗೆ ಸಾಯುತ್ತಾನೆ, ಅವನ ಸಾವಿನಿಂದ ಬೆಳೆ ಬರುತ್ತದೆ ಎಂಬುದು ನಂಬಿಕೆ.

ಹಿರಿಯರು: ಕಂಬಾರರು ಆ ಆಚರಣೆಯ ಒಳಗಿನಿಂದ ಭೂಮಿಯ ಜಗಳವನ್ನು ಹೊರತೆಗೆದರು. ಗೌಡನ ಬಳಿ ಬಂದೂಕವಿದೆ, ಹೊಲದ ಹಕ್ಕಿದೆ, ಆದರೆ ಗೌಡತಿಗೆ ಮಗುವಿಲ್ಲ. ಉಳುವ ಬಸಣ್ಣನ ಬಳಿ ಹಕ್ಕುಪತ್ರವಿಲ್ಲ, ಆದರೆ ನೆಲ ಅವನ ಕೈಗೆ ಒಲಿಯುತ್ತದೆ. ಹೊಲ ಯಾರದು, ಹೆಣ್ಣಿನ ಬಯಕೆ ಯಾರದು ಎಂಬ ಎರಡು ಪ್ರಶ್ನೆಗಳು ಅಲ್ಲಿ ಒಂದಕ್ಕೊಂದು ಹೆಣೆದುಕೊಂಡಿವೆ. ಇದನ್ನು ಗಮನಿಸಿದರೆ ಕಂಬಾರರ ಹಳ್ಳಿ ಎಂದರೆ ಕೇಡಿಲ್ಲದ ಹಳೆಯ ಸ್ವರ್ಗ ಎಂಬ ತಿಳಿವಳಿಕೆ ನಿಲ್ಲುವುದಿಲ್ಲ. ಆ ಹಳ್ಳಿ ಮೊದಲಿನಿಂದಲೂ ಕಾಯಿಲೆಬಿದ್ದ ಹಳ್ಳಿಯೇ. ಅದು ಗುಣವಾಗಲು ಹಂಬಲಿಸುತ್ತದೆ ಎಂಬುದೇ ಅದರ ಹೆಚ್ಚುಗಾರಿಕೆ.

ಸಂಶೋಧಕಿ: 1975ರ ‘ಕರಿಮಾಯಿ’ಗೆ ಬಂದಾಗ ಊರು ಮೊದಲ ಬಾರಿಗೆ ಇತಿಹಾಸದ ಕಾಲಕ್ಕೆ ಇಳಿಯುತ್ತದೆ. ಬ್ರಿಟಿಷರ ಆಳ್ವಿಕೆ ನಡೆದಿದೆ, ಬೆಳಗಾವಿ ಎಂಬ ನಿಜವಾದ ನಗರ ಹತ್ತಿರದಲ್ಲಿದೆ, ಅಲ್ಲಿ ಕಲಿತ ಗುಡಸೀಕರ ಊರಿಗೆ ಮರಳಿ ಮುಂದಾಳಾಗಲು ಹವಣಿಸುತ್ತಾನೆ. ಕರಿಮಾಯಿ ಊರಿನ ದೇವಿ. ವರ್ಷದ ಕೆಲಸ, ನ್ಯಾಯ, ನಂಟು ಇವೆಲ್ಲಕ್ಕೂ ಅವಳೇ ನಡುಗಂಬ. ಹುಲಿಗಿಯ ಹುಲಿಗೆಮ್ಮನ ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೋಗುವ, ಊರ ದ್ಯಾಮವ್ವನನ್ನು ಕೇಳದೆ ಮುಖ್ಯ ಕೆಲಸಕ್ಕೆ ಕೈಹಾಕದ ಜನರಿಗೆ ಈ ನಡುಗಂಬದ ಮಾತು ವಿವರಿಸಿ ಹೇಳಬೇಕಾದದ್ದಲ್ಲ.

ಹಿರಿಯರು: ಅಲ್ಲಿ ಕೇಡಿನ ರೂಪ ಬದಲಾದದ್ದನ್ನು ಹತ್ತಿರದಿಂದ ನೋಡಬೇಕು. ಮೊದಲ ಕಾವ್ಯದಲ್ಲಿ ಕೇಡು ರಾಕ್ಷಸನ ರೂಪದಲ್ಲಿತ್ತು, ಈ ಕಾದಂಬರಿಯಲ್ಲಿ ಅದು ಖೋಟಾನೋಟಿನ ರೂಪದಲ್ಲಿದೆ. ಖೋಟಾನೋಟು ನೋಡಲು ನಿಜವಾದ ನೋಟಿನಂತೆಯೇ ಇರುತ್ತದೆ, ಕೈಯಿಂದ ಕೈಗೆ ದಾಟುತ್ತದೆ, ಆದರೆ ಅದರ ಹಿಂದೆ ದುಡಿಮೆಯಾಗಲಿ ಬೆಳೆಯಾಗಲಿ ಇರುವುದಿಲ್ಲ. ಗೌಡನ ವೇಷ ತೊಟ್ಟ ರಾಕ್ಷಸನಿಗೂ ನೋಟಿನ ವೇಷ ತೊಟ್ಟ ಕಾಗದಕ್ಕೂ ಇರುವ ಈ ಒಳನಂಟನ್ನು ಹಿಡಿದರೆ, ಎರಡು ಶಿವಾಪುರಗಳೂ ಒಂದೇ ಊರಾಗುವುದು ಎಲ್ಲಿ ಎಂಬುದು ತಿಳಿಯುತ್ತದೆ. ನಿಜದ ವೇಷ ತೊಟ್ಟ ಸುಳ್ಳು ಊರೊಳಗೆ ಬಂದು ನೆಲೆಸುವುದು ಎರಡಕ್ಕೂ ಸಮಾನ. ಬದಲಾದದ್ದು ಆ ಸುಳ್ಳು ಬರುವ ದಾರಿ. ಮೊದಲು ಅದು ಕಾಡಿನ ಕಡೆಯಿಂದ ಬಂತು, ಈಗ ನಗರದ ಕಡೆಯಿಂದ ಬರುತ್ತದೆ.

ಸಂಶೋಧಕಿ: ‘ಸಿಂಗಾರೆವ್ವ ಮತ್ತು ಅರಮನೆ’ 1982ರದು. ಅಲ್ಲಿ ಊರೇ ಕುಗ್ಗಿದಂತೆ ತೋರುತ್ತದೆ. ಬಯಲು, ಹೊಲ, ಜಾತ್ರೆ ಹಿಂದೆ ಸರಿದು ಕುಸಿಯುತ್ತಿರುವ ದೇಸಗತಿಯ ಅರಮನೆಯೊಂದೇ ಕಣ್ಣೆದುರು ನಿಲ್ಲುತ್ತದೆ. ದೇಸಗತಿ ಎಂದರೆ ದೇಸಾಯರ ಮನೆತನಕ್ಕೆ ವಂಶಪರಂಪರೆಯಾಗಿ ಬಂದ ಜಮೀನು ಮತ್ತು ಅಧಿಕಾರ. ಸರಗಂ ದೇಸಾಯಿಯ ಆ ಮನೆಯಲ್ಲಿ ಹೆಸರು ದೊಡ್ಡದು, ಒಳಗೆ ಬಲವಿಲ್ಲ.

ಹಿರಿಯರು: ಕುಗ್ಗಿದ್ದು ನಿಜ, ಆದರೆ ಆ ಕುಗ್ಗುವಿಕೆಯಿಂದಲೇ ಊರಿಗೆ ಹೊಸದೊಂದು ಸೇರಿತು. ಸಿಂಗಾರೆವ್ವನ ಕಥೆ ತಿಳಿಯುವುದು ಅವಳ ಜೊತೆಯಲ್ಲಿದ್ದ ಸೇವಕಿ ಶೀನಿಂಗವ್ವನ ಬಾಯಿಂದ. ಅದುವರೆಗೆ ಶಿವಾಪುರವನ್ನು ಲಾವಣಿಕಾರನ ದನಿಯಲ್ಲಿ, ಊರಿಗೆ ಊರೇ ಸೇರಿ ಹೇಳುವ ದನಿಯಲ್ಲಿ ಕೇಳಿದ್ದೆವು. ಇಲ್ಲಿ ಅದು ಹೊಸ್ತಿಲ ಒಳಗಿನಿಂದ, ದುಡಿಯುವ ಹೆಣ್ಣಿನ ಕಣ್ಣಿನಿಂದ ಕಾಣುತ್ತದೆ. ಕಾಣುವ ಕಣ್ಣು ಬದಲಾದಾಗ ಊರಿನ ಅಳತೆಯೂ ಬದಲಾಗಲೇಬೇಕು. ಊರ ಹೊರಗಿನವರಿಗೆ ಅರಮನೆ ವೈಭವ, ಒಳಗೆ ದುಡಿಯುವವಳಿಗೆ ಅದು ಸೆರೆ. ಟಿ.ಎಸ್. ನಾಗಾಭರಣ ಅವರು ಈ ಕಾದಂಬರಿಯನ್ನು ‘ಸಿಂಗಾರೆವ್ವ’ ಎಂದು ಚಲನಚಿತ್ರ ಮಾಡಿದಾಗ ಅರಮನೆ ಕಣ್ಣಿಗೆ ಕಾಣುವ ಕಟ್ಟಡವಾಯಿತು, ಆದರೆ ಕಾದಂಬರಿಯಲ್ಲಿ ಅದು ಮೊದಲಿನಿಂದ ಕೊನೆಯವರೆಗೂ ಒಬ್ಬ ಹೆಂಗಸಿನ ನೆನಪಿನಲ್ಲಿರುವ ಕಟ್ಟಡ.

ಸಂಶೋಧಕಿ: ಇಲ್ಲಿಯವರೆಗಿನ ದಾರಿಯನ್ನು ಒಪ್ಪಬಹುದು. ಮುಂದಿನ ತಿರುವೇ ಆಕ್ಷೇಪಕ್ಕೆ ಎಡೆಕೊಡುವುದು. 1996ರ ‘ಚಕೋರಿ’ ಮಹಾಕಾವ್ಯದಲ್ಲಿ ಚಂದಮುತ್ತನೂ ಯಕ್ಷಿಯೂ ಇದ್ದಾರೆ, ಹಾಡು ಮನುಷ್ಯಲೋಕವನ್ನೂ ಮೀರುತ್ತದೆ. ಆ ಕಾವ್ಯದ ಲೋಕವನ್ನೇ ಮುಂದುವರಿಸುವ 2006ರ ‘ಶಿಖರಸೂರ್ಯ’ದಲ್ಲಿ ಶಿವಾಪುರ ತೇದಿ ತಿಳಿಯದ ಪುರಾತನ ಕಾಲಕ್ಕೆ ಹೋಗಿ ನಿಂತಿದೆ. ಅದೇ ವರ್ಷಗಳಲ್ಲಿ ನಿಜವಾದ ಹಳ್ಳಿಗಳಲ್ಲಿ ಏನಾಗುತ್ತಿತ್ತು? ಕುಷ್ಟಗಿ, ಯಲಬುರ್ಗಾ, ಕನಕಗಿರಿಯ ಕಡೆಯಿಂದ ಜನ ಗುಳೆ ಹೋಗುತ್ತಿದ್ದರು. ಗುಳೆ ಎಂದರೆ ಮಳೆ ಕೈಕೊಟ್ಟಾಗ ಮನೆಗೆ ಬೀಗ ಹಾಕಿ, ಮಕ್ಕಳು ಮರಿ ಸಮೇತ ದೂರದ ಊರಿಗೆ ಕೂಲಿಗೆ ಹೋಗುವುದು. ಹಳ್ಳಿ ಖಾಲಿಯಾಗುತ್ತಿದ್ದಾಗ ಹಳ್ಳಿಯ ಕಲ್ಪನೆಯನ್ನು ಪುರಾಣಕ್ಕೆ ಒಯ್ದದ್ದು ವಾಸ್ತವದಿಂದ ತಪ್ಪಿಸಿಕೊಳ್ಳುವ ದಾರಿಯಾಗಲಿಲ್ಲವೇ?

ಹಿರಿಯರು: ಆಕ್ಷೇಪದಲ್ಲಿ ತಿರುಳಿದೆ, ಆದ್ದರಿಂದ ಉತ್ತರವೂ ಅಷ್ಟೇ ಎಚ್ಚರದಿಂದ ಬರಬೇಕು. ‘ಶಿಖರಸೂರ್ಯ’ದಲ್ಲಿ ಶಿವಾಪುರ ಒಂಟಿಯಾಗಿಲ್ಲ, ಅದರ ಎದುರಿಗೆ ಕನಕಪುರಿ ಎಂಬ ರಾಜ್ಯವಿದೆ. ಈ ಕನಕಪುರಿ ಕಲ್ಪಿತ ಪಟ್ಟಣ, ಹುಲಿಹೈದರದ ಮಗ್ಗುಲಿನ ಕನಕಾಚಲಪತಿಯ ಕನಕಗಿರಿಯಲ್ಲ ಎಂಬುದನ್ನು ಇಲ್ಲಿನ ಓದುಗರು ಗಮನದಲ್ಲಿಡಬೇಕು. ಶಿವಾಪುರದ ನೆಲದಲ್ಲಿ ಬೆಳೆದ ವಿದ್ಯೆಯನ್ನು ಹೊತ್ತವನೊಬ್ಬ ಕನಕಪುರಿಗೆ ಹೋಗಿ, ಹೆಸರು ಬದಲಿಸಿಕೊಂಡು ಜಯಸೂರ್ಯನಾಗುತ್ತಾನೆ, ವೈದ್ಯನಾಗಿ ಅರಮನೆಯನ್ನು ಹೊಕ್ಕು ಅಧಿಕಾರದ ಮೆಟ್ಟಿಲುಗಳನ್ನು ಏರುತ್ತಾನೆ. ಕಾಯಿಲೆ ವಾಸಿಮಾಡುವುದಕ್ಕಿದ್ದ ಅರಿವು ಅವನ ಕೈಯಲ್ಲಿ ಆಳುವುದಕ್ಕೆ, ಕೂಡಿಹಾಕುವುದಕ್ಕೆ, ಕೊಲ್ಲುವುದಕ್ಕೆ ಒದಗುತ್ತದೆ. ಎಲ್ಲರಿಗೂ ಸೇರಿದ ಸಸ್ಯಜ್ಞಾನ ಒಬ್ಬನ ಸ್ವತ್ತಾಗುವುದು, ಔಷಧ ವ್ಯಾಪಾರದ ಸರಕಾಗುವುದು, ನೆಲಕ್ಕಿಂತ ಬಂಗಾರ ಹೆಚ್ಚಿನದೆನಿಸುವುದು, ಇವು ಯಾವ ಪುರಾತನ ಕಾಲದ ಸಂಗತಿಗಳು? ಕಾಲವನ್ನು ಹಿಂದಕ್ಕೆ ಸರಿಸಿದರೂ ಪ್ರಶ್ನೆ ಇಂದಿನದೇ ಆಗಿದೆ.

ಸಂಶೋಧಕಿ: ಪ್ರಶ್ನೆ ಇಂದಿನದೇ ಆಗಿದ್ದರೆ ಊರನ್ನು ಹಿಂದಕ್ಕೆ ಸರಿಸುವ ಅಗತ್ಯವೇನಿತ್ತು?

ಹಿರಿಯರು: ಊರು ವಹಿಸಬೇಕಾದ ಕೆಲಸ ಬದಲಾಗಿತ್ತು ಎಂಬುದೇ ಕಾರಣ. ಮೊದಲ ಕೃತಿಗಳಲ್ಲಿ ಶಿವಾಪುರ ಘಟನೆ ನಡೆಯುವ ಜಾಗ. ಕೇಡು ಅಲ್ಲಿಗೇ ಬಂದು, ಅಲ್ಲಿಯೇ ಹೋರಾಟ ನಡೆಯುತ್ತದೆ. ‘ಶಿಖರಸೂರ್ಯ’ದಲ್ಲಿ ಘಟನೆಗಳು ಬಹುಮಟ್ಟಿಗೆ ಕನಕಪುರಿಯ ಸುತ್ತ ನಡೆಯುತ್ತವೆ, ಶಿವಾಪುರ ಆ ಘಟನೆಗಳನ್ನು ತೂಗುವ ಅಳತೆಯಾಗುತ್ತದೆ. 1964ರ ಹೊತ್ತಿಗೆ ಘೋಡಗೇರಿಯಂಥ ಊರಿನಲ್ಲಿ ಲಾವಣಿ, ಬಯಲಾಟ, ದೇವಿಯ ಜಾತ್ರೆಗಳು ಬದುಕಿನ ಭಾಗವಾಗಿದ್ದವು. ಅವುಗಳನ್ನು ಕೃತಿಯೊಳಗೆ ತರಲು ಕಣ್ಣೆದುರಿನ ಹಳ್ಳಿಯೇ ಸಾಕಿತ್ತು. ಲೇಖಕರು ಊರು ಬಿಟ್ಟು ಶಿಕಾಗೊದಲ್ಲಿ ಕಲಿಸಿ, ಬೆಂಗಳೂರಿನಲ್ಲಿ ಬಹುಕಾಲ ಅಧ್ಯಾಪಕರಾಗಿದ್ದು, 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ ಮೊದಲ ಕುಲಪತಿಯಾದರು. ಆ ಅವಧಿಯಲ್ಲಿ ಹಳ್ಳಿಗಳೂ ಹಳೆಯ ಹಳ್ಳಿಗಳಾಗಿ ಉಳಿಯಲಿಲ್ಲ. ಕಣ್ಣೆದುರಿನ ಹಳ್ಳಿಯನ್ನು ತೋರಿಸಿ ಇದೇ ಶಿವಾಪುರ ಎನ್ನುವುದು ಸಾಧ್ಯವಾಗದ ಹೊತ್ತಿನಲ್ಲಿ, ಊರನ್ನು ಮೂಲದ ಕಡೆಗೆ ಒಯ್ದು ಯಾವುದು ಕಳೆದುಹೋಯಿತು ಎಂದು ಹೇಳುವುದೇ ಉಳಿದ ದಾರಿ. ನಿಜವಾದ ಹಳ್ಳಿ ಬಡಕಲಾದಷ್ಟೂ ಕಲ್ಪಿತ ಹಳ್ಳಿ ಕಾಲದಲ್ಲಿ ಹಿಂದೆ ಸರಿಯಿತು ಎಂಬುದು ಈ ಕೃತಿಗಳ ಸಾಲಿನಲ್ಲಿ ಕಾಣುವ ಮುಖ್ಯ ಸಂಗತಿ.

ಸಂಶೋಧಕಿ: ಒಂದು ಸ್ಥಳ ಹೀಗೆ ಹೇಳುವವರ ಅಗತ್ಯಕ್ಕೆ ತಕ್ಕಂತೆ ಬದಲಾಗುವುದಕ್ಕೆ ಈ ಜಿಲ್ಲೆಯಲ್ಲಿಯೇ ಇನ್ನೂ ಹಳೆಯ ನಿದರ್ಶನವಿದೆ. ವಾಲ್ಮೀಕಿಯ ಕಿಷ್ಕಿಂಧೆ ಗುಹೆಯೊಳಗಿನ ರತ್ನಮಯ ನಗರ. ಅಭಿನವಪಂಪನೆಂದು ಹೆಸರಾದ ನಾಗಚಂದ್ರನ ಜೈನ ರಾಮಾಯಣದಲ್ಲಿ ವಾನರರು ಕೋತಿಗಳಲ್ಲ, ಕಪಿಯ ಗುರುತನ್ನು ಧ್ವಜದಲ್ಲಿ ಧರಿಸಿದ ವಿದ್ಯಾಧರರು. ಆದ್ದರಿಂದ ಅವರ ನಗರವೂ ರಾಜಮರ್ಯಾದೆಯ ನಗರವಾಯಿತು. ಕುವೆಂಪು ಅವರ ‘ಶ್ರೀರಾಮಾಯಣ ದರ್ಶನಂ’ 1949ರಲ್ಲಿ ಬಂದಾಗ ಕಿಷ್ಕಿಂಧೆಯ ಮಳೆಗಾಲಕ್ಕೆ ಮಲೆನಾಡಿನ ಮಳೆ ಸುರಿಯಿತು. ಆನೆಗುಂದಿಯ ಬಂಡೆಗಲ್ಲುಗಳ ನಡುವೆ ಪಂಪಾಸರೋವರವನ್ನೂ ಅಂಜನಾದ್ರಿಯನ್ನೂ ಕಾಣುವವರಿಗೆ ಕಿಷ್ಕಿಂಧೆ ಎಂದರೆ ಕುರುಚಲು ಗಿಡಗಳ ಈ ಬಿಸಿಲು ಸೀಮೆಯೇ. ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರು, 2025ರಲ್ಲಿ ಪದ್ಮಶ್ರೀ ಗೌರವ ಪಡೆದ ತೊಗಲುಗೊಂಬೆ ಕಲಾವಿದೆ, ಬಿಳಿ ಪರದೆಯ ಹಿಂದೆ ದೀಪವಿಟ್ಟು ರಾಮಾಯಣ ಆಡಿಸುವ ಪರಂಪರೆಯವರು. ಅಲ್ಲಿ ಚರ್ಮದ ಗೊಂಬೆಯ ನೆರಳು ಮತ್ತು ಹಾಡು ಕೂಡಿದಾಗ ಕಿಷ್ಕಿಂಧೆ ಹುಟ್ಟುತ್ತದೆ.

ಹಿರಿಯರು: ನಿದರ್ಶನ ತಕ್ಕದ್ದೇ, ಆದರೆ ಒಂದು ಭೇದವಿದೆ. ಕಿಷ್ಕಿಂಧೆಯನ್ನು ಬದಲಿಸಿದವರು ಬೇರೆ ಬೇರೆ ಶತಮಾನಗಳ ಬೇರೆ ಬೇರೆ ಕವಿಗಳು, ಅವರಲ್ಲಿ ಯಾರಿಗೂ ಇನ್ನೊಬ್ಬರ ಕಿಷ್ಕಿಂಧೆಗೆ ಉತ್ತರ ಹೇಳಬೇಕಾದ ಹೊಣೆಯಿರಲಿಲ್ಲ. ಶಿವಾಪುರದಲ್ಲಿ ಬದಲಿಸುವವನೂ ಬದಲಾಗುವ ಮೊದಲಿನದನ್ನು ಬರೆದವನೂ ಒಬ್ಬನೇ. ಆಗ ಲೇಖಕನಿಗೆ ತನ್ನ ಹಿಂದಿನ ಮಾತಿನ ಹೊಣೆ ಬರುತ್ತದೆ. ಹೊರನಾಡಿನ ಅದ್ಭುತಕಥೆಗಳ ಲೇಖಕರು ಈ ಹೊಣೆಯನ್ನು ಹೇಗೆ ಹೊತ್ತರೆಂಬುದನ್ನು ನೋಡಿದರೆ ಕಂಬಾರರ ದಾರಿ ಸ್ಪಷ್ಟವಾಗುತ್ತದೆ. ಇಂಗ್ಲೆಂಡಿನ ಜೆ.ಆರ್.ಆರ್. ಟೋಲ್ಕಿನ್ 1937ರಲ್ಲಿ ‘ದ ಹಾಬಿಟ್’ ಪ್ರಕಟಿಸಿದ ಮೇಲೆ, ಅದರ ಮುಂದಿನ ದೊಡ್ಡ ಕಥೆಗೆ ಹೊಂದುವಂತೆ 1951ರ ಆವೃತ್ತಿಯಲ್ಲಿ ಹಳೆಯ ಪುಸ್ತಕದ ಅಧ್ಯಾಯವೊಂದನ್ನೇ ತಿದ್ದಿದರು. ತಾವು ಕಲ್ಪಿಸಿದ ಭೂಮಿ ಮೊದಲು ಚಪ್ಪಟೆಯಾಗಿದ್ದು ಆಮೇಲೆ ದುಂಡಗಾಯಿತೆಂಬ ತಮ್ಮದೇ ಕಥೆಯನ್ನು ಇಳಿವಯಸ್ಸಿನಲ್ಲಿ ಬದಲಿಸುವ ಯೋಚನೆಯೂ ಅವರಿಗೆ ಬಂದಿತ್ತು. ಎಲ್ಲ ಕೃತಿಗಳೂ ಒಂದೇ ನಕಾಶೆಗೆ ಒಪ್ಪಬೇಕೆಂಬುದು ಅವರ ಶಿಸ್ತು.

ಸಂಶೋಧಕಿ: ಅಮೆರಿಕದ ಅರ್ಸುಲಾ ಲೆ ಗ್ವಿನ್ ಅವರ ದಾರಿ ಬೇರೆ. 1968ರಲ್ಲಿ ಆರಂಭಿಸಿದ ಅರ್ತ್‌ಸೀ ಎಂಬ ದ್ವೀಪಲೋಕದಲ್ಲಿ ಮಂತ್ರವಿದ್ಯೆಯ ಶಾಲೆ ಗಂಡಸರದು, ಸತ್ತವರು ಹೋಗುವುದು ಗೋಡೆಯಾಚೆಯ ಒಣನಾಡಿಗೆ. 1990ರ ‘ತೆಹಾನು’ವಿನಲ್ಲಿ ಅವರು ಅದೇ ಲೋಕವನ್ನು ಮನೆಗೆಲಸ ಮಾಡುವ ನಡುವಯಸ್ಸಿನ ಹೆಣ್ಣಿನ ಕಡೆಯಿಂದ ನೋಡಿದರು. 2001ರ ‘ದಿ ಅದರ್ ವಿಂಡ್’ನಲ್ಲಿ ಆ ಗೋಡೆಯನ್ನೇ ಕೆಡವಿಸಿದರು. ಹಳೆಯ ಪುಸ್ತಕವನ್ನು ತಿದ್ದದೆ, ಆ ಲೋಕ ಹಾಗೆ ಕಟ್ಟಲ್ಪಟ್ಟದ್ದೇ ತಪ್ಪಾಗಿತ್ತೆಂದು ಹೊಸ ಕಥೆಯೊಳಗೆ ತೋರಿಸಿದರು.

ಹಿರಿಯರು: ಕಂಬಾರರು ಹಳೆಯದನ್ನು ತಿದ್ದಲೂ ಇಲ್ಲ, ತಪ್ಪೆಂದು ತೋರಿಸಲೂ ಹೋಗಲಿಲ್ಲ. ಹಳೆಯ ಶಿವಾಪುರ ಹಳೆಯ ಕೃತಿಯಲ್ಲಿ ಪೂರ್ತಿಯಾಗಿ ನಿಂತಿದೆ, ಹೊಸ ಶಿವಾಪುರ ಹೊಸ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದೆ. ಸಾರಥಿ ಮತ್ತೆ ಕೇಳಿದ್ದಾನೆ, ಪಾತ್ರ ಮತ್ತೆ ಹೇಳಿದೆ ಎಂಬುದಷ್ಟೇ ಅಲ್ಲಿನ ನಿಯಮ. ಅಚ್ಚಾದ ಪುಸ್ತಕಕ್ಕೆ ಬಾಯಿಮಾತಿನ ಕಲೆಯ ನಿಯಮವನ್ನು ತಂದದ್ದು ಕನ್ನಡಕ್ಕೆ ಅವರು ಕೊಟ್ಟ ದೊಡ್ಡ ಕಾಣಿಕೆಗಳಲ್ಲಿ ಒಂದು. 2010ನೇ ಸಾಲಿನ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದಾಗ ಜನಪದದ ನಂಟನ್ನು ಎಲ್ಲರೂ ಹೊಗಳಿದರು. ಆದರೆ ಆ ನಂಟು ಹಾಡಿನ ಮಟ್ಟು, ಹಳ್ಳಿಯ ನುಡಿ ಇಷ್ಟಕ್ಕೇ ನಿಲ್ಲದೆ ಸ್ಥಳವನ್ನು ಕಲ್ಪಿಸುವ ಬಗೆಯವರೆಗೂ ಇಳಿದಿದೆ ಎಂಬುದು ಇನ್ನೂ ಗಟ್ಟಿಯಾಗಿ ಹೇಳಬೇಕಾದ ಮಾತು.

ಸಂಶೋಧಕಿ: ಈ ನಿಯಮಕ್ಕೆ ಒಂದು ಅಪಾಯವೂ ಇದೆ. ಬೇಕಾದಾಗ ಬೇಕಾದಂತೆ ಹೇಳಬಹುದಾದ ಊರು ಎಲ್ಲರಿಗೂ ಎಲ್ಲವೂ ಆಗಿಬಿಡಬಹುದು. ಹಿರೇಬೆಣಕಲ್ಲಿನ ಬೃಹತ್ ಶಿಲಾಗೋರಿಗಳನ್ನು ಜನ ಮೋರ್ಯರ ಮನೆಗಳೆಂದು ಕರೆದು, ಅಲ್ಲಿ ಗಿಡ್ಡ ಜನರು ವಾಸವಾಗಿದ್ದರೆಂದು ನಂಬಿದ್ದಾರೆ. ಕಥೆ ಚೆನ್ನಾಗಿದೆ, ಆದರೆ ಅವು ಕಬ್ಬಿಣ ಯುಗದ ಜನ ಸತ್ತವರಿಗಾಗಿ ಚಪ್ಪಡಿಗಲ್ಲುಗಳನ್ನು ನಿಲ್ಲಿಸಿ ಕಟ್ಟಿದ ನೆಲೆಗಳೆಂಬ ನಿಜವನ್ನು ಕಥೆ ಮರೆಸಬಾರದು. ಹಾಗೆಯೇ ಶಿವಾಪುರದ ಸೊಗಸು ಹಳ್ಳಿಯ ಜಾತಿಭೇದವನ್ನೂ ಹಸಿವನ್ನೂ ಮರೆಸಿದರೆ ಕಲ್ಪನೆಗೆ ಬೆಲೆ ಉಳಿಯುವುದಿಲ್ಲ.

ಹಿರಿಯರು: ಅದನ್ನು ಅಳೆಯಲು ಒಂದು ಗಟ್ಟಿ ಪರೀಕ್ಷೆಯಿದೆ. ಬದಲಾಗುತ್ತಿರುವ ಊರಿನಲ್ಲಿ ಯಾವುದೋ ಒಂದು ಪ್ರಶ್ನೆ ಬದಲಾಗದೆ ಉಳಿದಿದೆಯೇ ಎಂದು ನೋಡಬೇಕು. ಶಿವಾಪುರದಲ್ಲಿ ಉಳಿದ ಪ್ರಶ್ನೆ ಇದು: ನೆಲದ, ಹೆಣ್ಣಿನ, ಅರಿವಿನ ಫಲ ಯಾರಿಗೆ ಸೇರಬೇಕು? ರಾಕ್ಷಸ ಗೌಡ ಅದನ್ನು ಒಣಗಿಸಿದ, ಖೋಟಾನೋಟು ಅದಕ್ಕೆ ಸುಳ್ಳು ಬೆಲೆ ಕಟ್ಟಿತು, ಅರಮನೆ ಅದನ್ನು ಗೋಡೆಯೊಳಗೆ ಕೂಡಿಹಾಕಿತು, ಕನಕಪುರಿ ಅದನ್ನು ಬಂಗಾರಕ್ಕೆ ಮಾರಿತು. ಈಚಿನ ‘ಶಿವನ ಡಂಗುರ’ದಲ್ಲಿ ಊರು ಜಾಗತೀಕರಣದ, ಅಂದರೆ ದೂರದ ಮಾರುಕಟ್ಟೆಗಳೇ ಹಳ್ಳಿಯ ಬೆಳೆಯನ್ನೂ ಬದುಕನ್ನೂ ನಿರ್ಧರಿಸುವ ಕಾಲಕ್ಕೆ ಮರಳಿ ಬಂದಾಗಲೂ ಕೇಳಿಬರುವುದು ಅದೇ ಪ್ರಶ್ನೆ. ಪುರಾಣಕ್ಕೆ ಹೋದ ಊರು ಅಲ್ಲಿಯೇ ನೆಲೆನಿಲ್ಲದೆ ವರ್ತಮಾನಕ್ಕೆ ಮರಳಿದ್ದೇ, ಅದು ತಪ್ಪಿಸಿಕೊಳ್ಳಲು ಹೋದದ್ದಲ್ಲ ಎಂಬುದಕ್ಕೆ ಸಾಕ್ಷಿ.

ಸಂಶೋಧಕಿ: ಹಾಗಿದ್ದರೆ ಓದುವ ಕ್ರಮವೂ ಬದಲಾಗಬೇಕು. ಎಲ್ಲ ಕೃತಿಗಳಿಂದಲೂ ವಿವರ ಹೆಕ್ಕಿ ಒಂದೇ ಶಿವಾಪುರದ ನಕಾಶೆ ಬಿಡಿಸುವ ಅಧ್ಯಯನಗಳಿಗಿಂತ, ಬರೆದ ಕ್ರಮದಲ್ಲಿಯೇ ಓದಿ, ಪ್ರತಿ ಕೃತಿಯಲ್ಲಿ ಊರು ಯಾವುದನ್ನು ಬಿಟ್ಟುಕೊಟ್ಟಿತು, ಯಾವುದನ್ನು ಹೊಸದಾಗಿ ಪಡೆಯಿತು ಎಂದು ಗುರುತಿಸುವುದು ಹೆಚ್ಚು ಫಲಕಾರಿ. ‘ಕರಿಮಾಯಿ’ಯಲ್ಲಿ ಊರು ಕಾಲಾತೀತತೆಯನ್ನು ಬಿಟ್ಟು ಇತಿಹಾಸವನ್ನು ಪಡೆಯಿತು, ‘ಸಿಂಗಾರೆವ್ವ ಮತ್ತು ಅರಮನೆ’ಯಲ್ಲಿ ವಿಸ್ತಾರವನ್ನು ಬಿಟ್ಟು ಹೆಣ್ಣಿನ ದನಿಯನ್ನು ಪಡೆಯಿತು, ‘ಶಿಖರಸೂರ್ಯ’ದಲ್ಲಿ ವರ್ತಮಾನವನ್ನು ಬಿಟ್ಟು ಅಳತೆಗೋಲಾಗುವ ಅಧಿಕಾರವನ್ನು ಪಡೆಯಿತು.

ಹಿರಿಯರು: ಆ ಲೆಕ್ಕಕ್ಕೆ ಇನ್ನೊಂದನ್ನು ಸೇರಿಸಬೇಕು. ಇಷ್ಟು ರೂಪ ತಳೆದ ಶಿವಾಪುರ ಇನ್ನೂ ಪೂರ್ತಿಯಾಗಿ ಹೇಳದೆ ಉಳಿಸಿದ್ದೂ ಇದೆ. ಗುಳೆ ಹೋದವರ ಊರು ಯಾವುದು ಎಂಬುದನ್ನು ಅದು ವಿವರವಾಗಿ ಹೇಳಿಲ್ಲ. ಬೆಂಗಳೂರಿನಲ್ಲಿ ಕಟ್ಟಡ ಕಟ್ಟುವ ಜಾಗದ ತಗಡಿನ ಶೆಡ್ಡಿನಲ್ಲಿ ಕೂತು ಮಳೆ ಬಂತೇ ಎಂದು ಊರಿಗೆ ಫೋನ್ ಮಾಡಿ ಕೇಳುವವರಿಗೆ ಹಳ್ಳಿ ಎಂಬುದು ಬಿಟ್ಟುಬಂದ ಮನೆಯೂ ಹೌದು, ಮರಳಲು ಬೇಕಾದ ಕನಸೂ ಹೌದು, ಹಿಂದಿನ ಸಾಲದ ನೆನಪೂ ಹೌದು. ಆ ಮೂರನ್ನೂ ಒಟ್ಟಿಗೆ ಹಿಡಿಯುವ ಊರನ್ನು ಕಲ್ಪಿಸುವ ಕೆಲಸ ಒಬ್ಬ ಹಿರಿಯ ಲೇಖಕನ ಮೇಲೆ ಹೊರಿಸಿ ಕೂರುವಂಥದ್ದಲ್ಲ. ಒಂದೇ ಊರನ್ನು ಮತ್ತೆ ಮತ್ತೆ ಹೊಸದಾಗಿ ಹೇಳಬಹುದು, ಹಾಗೆ ಹೇಳಿದರೆ ಮೊದಲಿನದಕ್ಕೆ ಕುಂದಿಲ್ಲ ಎಂಬ ಧೈರ್ಯವನ್ನು ಕಂಬಾರರು ಕನ್ನಡಕ್ಕೆ ಕೊಟ್ಟಿದ್ದಾರೆ. ಆ ಧೈರ್ಯವನ್ನು ಬಳಸಿಕೊಂಡು ಮುಂದಿನ ಊರನ್ನು ಬರೆಯಬೇಕಾದವರು ಈ ಸೀಮೆಯ, ಗುಳೆ ಹೋದವರ ಮನೆಗಳಿಂದಲೇ ಓದಿ ಬಂದ ನಿನ್ನಂಥವರು, ತಂಗಿ.